ಎಂಜಲಾದ ಪಾಯಸ

ಮಗಳ ಕೈಗೆ ಮೊಬೈಲ್ ಕೊಟ್ಟವಳು ನಾನೇ. ಕಾಶಿಯ ಶಿವಾಲಾ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆ, ದೇವರಮನೆ ಎರಡೂ ಒಂದೇ. ಗೋಡೆಯ ಗೂಡಿನಲ್ಲಿ ದೇವರು, ಪಕ್ಕದಲ್ಲೇ ಒಲೆ. ಬೆಳಿಗ್ಗೆ ನಾನು ಮಡಿಯುಟ್ಟು ಒಲೆಯ ಮುಂದೆ ನಿಂತರೆ ನಾಲ್ಕನೇ ಕ್ಲಾಸಿನ ಹುಡುಗಿ "ನಾನೂ ಹೆಚ್ತೀನಿ, ನಾನೂ ಕಲಸ್ತೀನಿ" ಎಂದು ಒಳಗೆ ಬರುತ್ತಿದ್ದಳು. "ಮುಟ್ಟಬೇಡ್ವೇ, ಅಲ್ಲೇ ಕೂತ್ಕೊ" ಎಂದು ಹೊಸ್ತಿಲಾಚೆ ಕೂರಿಸಿ ಮೊಬೈಲ್ ಕೊಡುತ್ತಿದ್ದೆ.

ಅವಳು ಅದರಲ್ಲಿ ಮಕ್ಕಳಿಗೆ ಅಡುಗೆ ಕಲಿಸುವ ಗೇಮ್ ಒಂದನ್ನು ಹುಡುಕಿ ಹಾಕಿಕೊಂಡಳು. ಬೇಳೆ ತೊಳೆ, ಕುದಿಸು, ಉರಿ ತಗ್ಗಿಸು ಎಂದು ಒಬ್ಬಳು ಹಿಂದಿಯಲ್ಲಿ ಹೇಳಿಕೊಡುತ್ತಿದ್ದಳು. ಕೊನೆಗೆ ಆ ಗೇಮಿನ ಅಡುಗೆಯವಳು ಚಮಚ ಎತ್ತಿ ರುಚಿ ನೋಡಿ ಕಣ್ಣು ಮಿಟುಕಿಸಿದರೆ ಸ್ಟಾರು. ನಾನು ಒಳಗೆ ನಿಜವಾದ ಒಲೆಯ ಮುಂದೆ, ಮಗಳು ಹೊರಗೆ ಸುಳ್ಳು ಒಲೆಯ ಮುಂದೆ. ಸದ್ಯ, ಅದರಲ್ಲಿ ಮೊಟ್ಟೆ ಮಾಂಸ ಇಲ್ಲವಲ್ಲ ಎಂದು ದೇವರಿಗೆ ಕೈ ಮುಗಿದಿದ್ದೆ.

ಇಲ್ಲಿಯವರ ಸಾವನ್ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಬರುತ್ತದೆ. ಬೀದಿಯೆಲ್ಲ ಶಿವನ ಹೆಸರು ಕೂಗುವಾಗ ನಾವು ಸುಮ್ಮನಿರುವುದುಂಟೇ ಎಂದು ನಾನು ಎರಡನ್ನೂ ನಡೆಸುತ್ತೇನೆ. ಈ ವರ್ಷ ಸಾವನ್ನಿನ ಮೊದಲ ಸೋಮವಾರವೇ ನಾನು ಹೊರಗೆ ಕೂತೆ. ಅಂಥ ದಿನಗಳಲ್ಲಿ ಅಡುಗೆ ಮಾಡುವ ಯಜಮಾನರು ಯೂನಿವರ್ಸಿಟಿಯ ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದರು. ಶಿವನಿಗೆ ಗಂಗಾಜಲ ಹೊತ್ತು ತರುವ ಕಾವಡಿಯವರ ಗದ್ದಲಕ್ಕೆ ಶಾಲೆಗೆ ರಜೆ.

"ಪಾಯಸ ನಾನು ಮಾಡ್ತೀನಿ ಅಮ್ಮಾ, ಸಚ್ಚೀ. ಖೀರ್‌ಗೆ ನಂಗೆ ಮೂರೂ ಸ್ಟಾರ್ ಬಂದಿದೆ."

ಅವಳು ದಿನಾ ಕೂರುವ ಜಾಗದಲ್ಲಿ ಅವತ್ತು ನಾನು ಕೂತೆ. ತಲೆಗೆ ಸ್ನಾನ ಮಾಡಿ ಬಂದವಳು ಹೆಸರುಬೇಳೆಯನ್ನು ಘಮ್ಮೆನ್ನುವಂತೆ ಹುರಿದಳು.

"ಉರಿ ಸಣ್ಣ ಮಾಡೇ."

"ಅಮ್ಮಾ, ಚುಪ್. ನಂಗೊತ್ತು." ಸ್ವಲ್ಪ ಹೊತ್ತಿಗೆ ತಿರುಗಿ, "ಇದು ಟಿಂಗ್ ಅನ್ನಲ್ವಲ್ಲ, ಬೆಂದಿದ್ದು ಹೆಂಗೆ ಗೊತ್ತಾಗತ್ತೆ?"

"ಒಂದು ಕಾಳು ಹಿಚುಕಿ ನೋಡು."

ಬೆಲ್ಲ ಕರಗಿಸಿದಳು. ಒಲೆ ಆರಿಸಿ, ಆರಿದ ಮೇಲೆ ಹಾಲು ಬೆರೆಸಿದಳು. ಆಮೇಲೆ ಗೇಮಿನಲ್ಲಿ ಮಾಡುವ ಹಾಗೇ ಚಮಚ ಎತ್ತಿ ಬಾಯಿಗಿಟ್ಟಳು. ಅದೇ ಚಮಚವನ್ನು ಪಾತ್ರೆಗೆ ಹಾಕಿ ತಿರುಗಿಸಿ ನನ್ನ ಕಡೆ ನೋಡಿ ನಕ್ಕಳು.

"ಅಯ್ಯೋ, ಎಂಜಲು! ದೇವರ ನೈವೇದ್ಯಾನ ಎಂಜಲು ಮಾಡಿದ್ಯಲ್ಲೇ!"

ಅವಳಿಗೆ ಆ ಪದ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ನನ್ನ ಬಾಯಿಗೆ ಹಿಂದಿ ಬಂತು. "ಝೂಠಾ! ಎಲ್ಲಾ ಝೂಠಾ!"

ಅವಳ ಮುಖದ ನಗು ಇಳಿದುಹೋಯಿತು. ನಾನು ಹೇಳಿದಂತೆ ದೇವರ ಮುಂದೆ ಎರಡು ಬಾಳೆಹಣ್ಣಿಟ್ಟು, ಪಾಯಸದ ಪಾತ್ರೆಯನ್ನು ನನ್ನ ಪಕ್ಕಕ್ಕೆ ತಂದಿಟ್ಟು, ನನ್ನನ್ನು ದಾಟಿ ಹೋಗಿ ಮೆಟ್ಟಿಲ ಮೇಲೆ ಕೂತಳು. ಗ್ಯಾಸ್ ಆರಿತ್ತು, ಕೈ ಸುಟ್ಟುಕೊಂಡಿರಲಿಲ್ಲ, ಅಷ್ಟು ಕಾಪಾಡಿದ ಭಗವಂತ ಎಂದುಕೊಂಡೆ. ಪಾಯಸವನ್ನು ಅವಳು ತಿನ್ನಲಿಲ್ಲ. ಚೆಲ್ಲಲು ಮನಸ್ಸಾಗದೆ ಮಧ್ಯಾಹ್ನ ನಾನೇ ತಿಂದೆ. ಹದವಾಗಿತ್ತು. ಆ ಮಾತನ್ನು ಅವಳಿಗೆ ಹೇಳಲಿಲ್ಲ. ಹೇಳಿದರೆ ಎಂಜಲು ಮಾಡಿದ್ದೇ ಸರಿ ಅಂದುಕೊಂಡಾಳು ಎಂಬ ಭಯ ನನಗೆ.

ಸಂಜೆ ಯಜಮಾನರ ಫೋನು ಬಂತು.

"ಪಪ್ಪಾ, ಅಮ್ಮ ನನ್ನ ಝೂಠೀ ಅಂದ್ಳು. ನಂಗೆ ಖೀರ್ ಬರತ್ತೆ ಅಂದಿದ್ದು ಝೂಠ್ ಅಂತೆ. ಸ್ಟಾರ್ ಬಂದಿದ್ದೂ ಝೂಠ್ ಅಂತೆ."

ನಡೆದದ್ದನ್ನೆಲ್ಲ ಕೇಳಿ ಅವರು ಬಿದ್ದು ಬಿದ್ದು ನಕ್ಕರು. "ಲೇ, ಇಷ್ಟು ವರ್ಷ ಕಾಶೀಲಿದ್ದೂ ನಿನ್ನ ನಾಲಿಗೆ ತಿರುಗಲಿಲ್ವಲ್ಲೇ! ಎಂಜಲಿಗೆ ಜೂಠಾ. ಝೂಠಾ ಅಂದ್ರೆ ಸುಳ್ಳು. ತರಕಾರಿ ಮಾರೋ ಸಬ್ಜಿಯವಳೂ ದಿನಾ ನಿನ್ನ ಹಿಂದಿ ತಿದ್ದುತ್ತಾಳೆ!"

ನನಗೆ ನಗು ಬರಲಿಲ್ಲ. ಅರ್ಥ ಬಿಡಿಸಿ ಹೇಳಿದ ಮೇಲೂ ಅವಳು ಅಡುಗೆಮನೆಯ ಹೊಸ್ತಿಲ ಹತ್ತಿರ ಬರಲಿಲ್ಲ. ಮೊಬೈಲ್ ಕೊಟ್ಟರೆ ಬೇಡವೆಂದಳು. ನೋಡಿದರೆ ಗೇಮನ್ನೂ ತೆಗೆದುಹಾಕಿದ್ದಳು. ಮಗಳನ್ನು ಒಳಗೆ ಬಿಟ್ಟುಕೊಂಡು ನಾನು ಹೇಳಬೇಕಾಗಿದ್ದನ್ನು ಆ ಗೇಮಿನವಳ ಕೈಲಿ ಹೇಳಿಸಿದೆ. ಅವಳಿಗೇನು ಗೊತ್ತು ನೈವೇದ್ಯ? ದಿನಾ ದೀಪ ಹಚ್ಚುವಾಗ ಅದೇ ನೆನಪಾಗುತ್ತಿತ್ತು. ದೇವರು ಬಾಳೆಹಣ್ಣಿಗೇ ತೃಪ್ತನಾದ; ನಾನಾಗಲಿಲ್ಲ.

ಕಾಶಿಯಲ್ಲಿರುವುದರಿಂದ ಒಂದು ಅನುಕೂಲ, ನಮ್ಮ ಶ್ರಾವಣ ಇನ್ನೂ ಬರಬೇಕಿತ್ತು. ಅದರ ಮೊದಲ ಸೋಮವಾರ ಮಗಳನ್ನು ಕರೆದೆ.

"ಸ್ನಾನ ಆಯ್ತಲ್ಲ, ಒಳಗೆ ಬಾ. ಪಾಯಸ ನೀನೇ ಮಾಡು."

"ನೀನು ಮತ್ತೆ ಬೈತೀಯ."

"ಬೈಯಲ್ಲ. ದೇವರದ್ದು ಮೊದಲು ಬೇರೆ ಎತ್ತಿಡು. ಆಮೇಲೆ ಎಷ್ಟು ಬೇಕಾದ್ರೂ ರುಚಿ ನೋಡು."

"ಇಷ್ಟೇನಾ? ಅವತ್ತೇ ಹೇಳಬಾರದಿತ್ತಾ?"

ಏಲಕ್ಕಿ ಕುಟ್ಟುತ್ತಾ ಕೂತೆ. ಪಾಯಸ ಆದ ಮೇಲೆ ಅವಳು ಬೆಳ್ಳಿ ಬಟ್ಟಲಿಗೆ ದೇವರ ಪಾಲು ತೆಗೆದಿಟ್ಟು, ಉಳಿದದ್ದರಲ್ಲಿ ಒಂದು ಚಮಚ ಬಾಯಿಗೆ ಹಾಕಿಕೊಂಡಳು.

"ಬೆಲ್ಲ ಸಾಲದು ಅಮ್ಮಾ."

ಇಬ್ಬರೂ ಬೆಳ್ಳಿ ಬಟ್ಟಲ ಕಡೆ ನೋಡಿದೆವು. ಇರಲಿ ಬಿಡು, ದೇವರು ಒಪ್ಪಿಸಿಕೊಳ್ಳುತ್ತಾನೆ ಎನ್ನುವಷ್ಟರಲ್ಲಿ ಅವಳು ನಲ್ಲಿಯಲ್ಲಿ ಕೈ ತೊಳೆದು, ಡಬ್ಬಿಯಿಂದ ಚಿಟಿಕೆ ಬೆಲ್ಲದ ಪುಡಿ ತೆಗೆದು ಬಟ್ಟಲಿಗೆ ಉದುರಿಸಿ, ಬೇರೆ ಚಮಚದಲ್ಲಿ ಕದಡಿದಳು.

"ಕೈ ತೊಳೆದೆ. ಎಂಜಲಲ್ಲ."

ಅಡುಗೆಮನೆಯಲ್ಲಿ ನಾನು ಅವಳಿಗೆ ಕಲಿಸಿದ ಮೊದಲ ಕನ್ನಡ ಪದ ಅದೇ ಆಯಿತಲ್ಲ ಅನ್ನಿಸಿತು. ಆರತಿ ಮುಗಿಸಿ ಇಬ್ಬರೂ ತಿನ್ನಲು ಕೂತಾಗ ಹೇಳಿಯೇಬಿಟ್ಟೆ.

"ಅವತ್ತಿನ ಪಾಯಸಾನೂ ಚೆನ್ನಾಗಿತ್ತು ಕಣೇ."

"ಗೊತ್ತು," ಎಂದಳು ಬಟ್ಟಲಿನಿಂದ ತಲೆಯೆತ್ತದೆ. "ನಾನು ರುಚಿ ನೋಡಿದ್ದೆನಲ್ಲ."