ಪೊನ್ನುಸ್ವಾಮಿಯವರು ಪಾಸ್ ಮಾಡದ ಲ್ಯಾಪ್‌ಟಾಪ್

ಕೆಟ್ಟ ಲ್ಯಾಪ್‌ಟಾಪನ್ನು ಕೈಗೆ ಕೊಟ್ಟರೆ ಪೊನ್ನುಸ್ವಾಮಿಯವರು ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಮುಚ್ಚಿ ಪಕ್ಕಕ್ಕಿಡುವುದು. ಆಮೇಲೆ ರಟ್ಟಿನ ಚೀಟಿ, ಪೆನ್ಸಿಲ್ ತೆಗೆದು ವಿಚಾರಣೆ. ಯಾವತ್ತಿನಿಂದ ಹೀಗೆ, ಆನ್ ಮಾಡಿದ ಕೂಡಲೇ ಬರುತ್ತದೋ ಬಿಸಿಯಾದ ಮೇಲೋ, ಯಾರು ಬೀಳಿಸಿದರು? ಚೀಟಿ ತುಂಬದೆ ಒಂದು ಸ್ಕ್ರೂ ಮುಟ್ಟುತ್ತಿರಲಿಲ್ಲ. ಮೂವತ್ತು ವರ್ಷ ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು, ನಿವೃತ್ತರಾದ ಮೇಲೆ ಹಲಸೂರಿನಲ್ಲಿ ರಿಪೇರಿ ಅಂಗಡಿ ತೆರೆದವರು. ಅವರ ಜೊತೆ ಏಗುವುದೆಂದರೆ ಸಾಕುಸಾಕಾಗುತ್ತಿತ್ತು.

ಎರಡು ಸಾವಿರದ ಏಳರ ಸುಮಾರಿಗೆ ನಾನು ಕಮ್ಮನಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೆ. ದೊಮ್ಮಲೂರಿನ ಒಂದು ಮನೆಯವರ ಮದುವೆ ಆಲ್ಬಂ ಒಪ್ಪಿಕೊಂಡಿದ್ದೆ. ಭಾನುವಾರ ಮದುಮಗಳು ದುಬೈಗೆ ಹೊರಡುವವಳು, ಅಷ್ಟರೊಳಗೆ ಆಲ್ಬಂ ಅವಳ ಕೈ ಸೇರಬೇಕು. ತಪ್ಪಿದರೆ ಆ ಬಳಗದಲ್ಲಿ ಇನ್ನೊಂದು ಮದುವೆ ನನಗೆ ಸಿಗುವುದಿಲ್ಲ. ಮಂಗಳವಾರ ನೋಡುತ್ತೇನೆ, ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ ಮದುಮಗಳ ಕೆನ್ನೆ ತುಂಬ ಹಸಿರು ಚುಕ್ಕೆ. ಕ್ಯಾಮೆರಾದ ದೋಷವೆಂದುಕೊಂಡು ಎರಡು ದಿನ ಕೂತು ಒಂದೊಂದೇ ಚುಕ್ಕೆ ಒರೆಸಿದೆ. ಒರೆಸಿದಂತೆಲ್ಲ ಹೊಸವು ಬರುತ್ತಿದ್ದವು. ಗುರುವಾರ ಬೆಳಿಗ್ಗೆ ಪರದೆಗೆಲ್ಲ ಗೆರೆ ಬಿತ್ತು.

ಹಲಸೂರಿಗೆ ಓಡಿದೆ.

"ಸಾರ್, ಭಾನುವಾರ ಆಲ್ಬಂ ಕೊಡ್ಬೇಕು, ಬೇಗ ನೋಡಿ."

"ಭಾನುವಾರದ್ದು ಆಮೇಲೆ. ಚುಕ್ಕೆ ಒಂದೇ ಕಡೆ ನಿಂತಿತ್ತಾ, ಜಾಗ ಬದಲಾಯಿಸ್ತಿತ್ತಾ? ಅದು ಹೇಳಪ್ಪ."

ಮುಕ್ಕಾಲು ಗಂಟೆಯ ಮೇಲೆ ಚೀಟಿ ತುಂಬಿತು. ಲ್ಯಾಪ್‌ಟಾಪನ್ನು ತಮ್ಮ ದಪ್ಪ ಮಾನಿಟರಿಗೆ ಜೋಡಿಸಿದರು. ಅಲ್ಲೂ ಅದೇ ಗೆರೆ, ಅದೇ ಚುಕ್ಕೆ. "ಪರದೆ ಚೆನ್ನಾಗಿದೆ. ಚಿತ್ರಕ್ಕೆ ಅಂತಿರೋ ಮೆಮೊರಿ ಹೋಗಿದೆ. ಅದನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ" ಎಂದರು. ಆಮೇಲೆ ನನ್ನ ಫೋಟೋಗಳನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದರು. ಹಸಿರು ಚುಕ್ಕೆ ಒಂದೂ ಇರಲಿಲ್ಲ. ಇದ್ದದ್ದು ನನ್ನ ಕೈಗೆಲಸ ಮಾತ್ರ. ಮದುಮಗಳ ಕೆನ್ನೆ ಅಲ್ಲಲ್ಲಿ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ಇಲ್ದೇ ಇರೋ ಕಲೆ ಒರ್ಸಕ್ಕೆ ಹೋಗಿ ಇರೋ ಮುಖ ಕೆಡಿಸಿದ್ದೀಯಲ್ಲಪ್ಪ. ಒರಿಜಿನಲ್ ಇದೆಯಾ?"

ಪುಣ್ಯಕ್ಕೆ ಸಿ.ಡಿ.ಯಲ್ಲಿತ್ತು. ಶಿವಾಜಿನಗರದಲ್ಲಿ ಆ ಮೆಮೊರಿ ಚಿಪ್ಪಿಗೆ ಬಿಸಿಗಾಳಿ ಊದಿ ಒಂದೇ ಗಂಟೆಯಲ್ಲಿ ಸರಿಮಾಡಿ ಕೊಡುತ್ತಾರಂತೆ, ನೀವೂ ಹಾಗೇ ಮಾಡಿ ಎಂದು ಅಂಗಲಾಚಿದೆ.

"ಮಾಡಿದ್ರೆ ಬರುತ್ತೆ. ಎಷ್ಟು ದಿನ ಇರುತ್ತೆ ಅಂತ ಹೇಳಕ್ಕಾಗಲ್ಲ. ಹೇಳಕ್ಕಾಗ್ದೇ ಇರೋದನ್ನ ನಾನು ಪಾಸ್ ಮಾಡಲ್ಲ. ಬೋರ್ಡೇ ಬದಲಾಯಿಸೋ ದುಡ್ಡಿಗೆ ಇನ್ನೊಂದು ಲ್ಯಾಪ್‌ಟಾಪೇ ಬರುತ್ತೆ, ಅದನ್ನೇ ತಗೋ."

"ನಿಮ್ಮ ಫ್ಯಾಕ್ಟ್ರಿ ಬುದ್ಧಿ ಬಿಡಿ ಸಾರ್, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ರೇಗಿಬಿಟ್ಟೆ. ಅವರು ಎದ್ದು ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. "ಇಲ್ಲೇ ಕೂತು ಮಾಡು."

ಎರಡು ದಿನ ಅವರ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಅವರು ಸ್ಟೂಲಿನ ಮೇಲೆ ಕೂತರು. ಮೇಜಿನ ಹತ್ತಿರ ಕಾಫಿ ತರಬಾರದು, ಚಪ್ಪಲಿ ಹೊರಗೆ ಬಿಡಬೇಕು, ಗಂಟೆಗೊಮ್ಮೆ ಸೇವ್ ಮಾಡಿದೆಯಾ ಎಂದು ತಪಾಸಣೆ. ಥೂ, ಆಲ್ಬಮ್ಮೇ ಬೇಡ ಅನ್ನಿಸಿಬಿಟ್ಟಿತ್ತು. ಶನಿವಾರ ಪ್ರಿಂಟುಗಳನ್ನು ತೋರಿಸಿದರೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಪಾಸ್, ಹೋಗು" ಎಂದರು. ಆಲ್ಬಂ ಹೊತ್ತಿಗೆ ಸರಿಯಾಗಿ ತಲುಪಿತು. ಅವಸರದಲ್ಲಿ ಅವರಿಗೊಂದು ಒಳ್ಳೆಯ ಮಾತನ್ನೂ ಹೇಳದೆ ಬಂದಿದ್ದೆ.

ಮೂರು ತಿಂಗಳಾದ ಮೇಲೆ ಪೊನ್ನುಸ್ವಾಮಿಯವರ ಮಗಳು ಸ್ಟುಡಿಯೋಗೆ ಬಂದರು.

"ಅಪ್ಪ ಹೋದ ವಾರ ತೀರ್ಕೊಂಡ್ರು. ಕಾರ್ಯಕ್ಕೆ ಇಡಕ್ಕೆ ಒಂದು ಒಳ್ಳೆ ಫೋಟೋ ಇಲ್ಲ. ನೀವು ಎರಡು ದಿನ ಅಂಗಡೀಲಿದ್ರಲ್ಲ, ಏನಾದ್ರೂ ತೆಗ್ದಿದ್ರಾ?"

ಆ ಎರಡು ದಿನವೂ ಕ್ಯಾಮೆರಾದ ಚೀಲ ನನ್ನ ಕಾಲ ಬಳಿಯೇ ಇತ್ತು. ಒಂದೂ ತೆಗೆದಿಲ್ಲವೆಂದು ಗೊತ್ತಿದ್ದೂ, ಅವರೆದುರಿಗೆ ಇದ್ದಬದ್ದ ಸಿ.ಡಿ.ಗಳನ್ನೆಲ್ಲ ಹಾಕಿ ಹುಡುಕುತ್ತ ಕೂತೆ.