ತಪ್ಪು ಉತ್ತರಗಳೇ ನನಗೆ ಸಾಕ್ಷಿಯಾದವು

ಕೊರೋನಾ ಗದ್ದಲವೆಲ್ಲ ಮುಗಿದು ಪರೀಕ್ಷೆಗಳು ಮತ್ತೆ ಸುರಳೀತವಾಗಿ ನಡೆಯತೊಡಗಿದ್ದ ವರ್ಷವದು. ನಾನಾಗ ಸಂಗೊಳ್ಳಿಯ ನಮ್ಮ ಮನೆಯಿಂದಲೇ ಓಡಾಡುತ್ತ ಪಕ್ಕದ ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಕಾಯಂ ಕೆಲಸ ಬೇಕೆಂದರೆ ಮೊದಲು ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. ಎರಡು ಸಲ ಸ್ವಲ್ಪದರಲ್ಲೇ ತಪ್ಪಿಹೋಗಿತ್ತು. ಮೂರನೆಯ ಸಲ ಬೈಲಹೊಂಗಲದ ಕೇಂದ್ರದಲ್ಲಿ ಬರೆದು ಹೊರಗೆ ಬಂದಾಗಲೇ, ಈ ಸಲ ಆಗಿಯೇ ಆಗುತ್ತದೆ ಅನ್ನಿಸಿತ್ತು.

ಫಲಿತಾಂಶದ ದಿನ ಮೊಬೈಲಿನಲ್ಲಿ ನನ್ನ ನಂಬರು ಹಾಕಿದರೆ ಬಂದದ್ದು ಪಾಸೂ ಅಲ್ಲ, ನಾಪಾಸೂ ಅಲ್ಲ. ‘ತಡೆಹಿಡಿಯಲಾಗಿದೆ’ ಎಂದಿತ್ತು. ಕೆಲವು ದಿನಗಳ ಮೇಲೆ ರಿಜಿಸ್ಟರ್ ಪತ್ರ ಬಂತು. ನನ್ನ ಹಿಂದಿನ ಸೀಟಿನವರೂ ನಾನೂ ಆರು ಪ್ರಶ್ನೆಗಳಿಗೆ ಒಂದೇ ತೆರನಾದ ತಪ್ಪು ಉತ್ತರ ಗುರುತಿಸಿದ್ದೇವೆ, ಇಬ್ಬರ ಪ್ರಶ್ನೆಪತ್ರಿಕೆಯ ಸರಣಿಯೂ ಒಂದೇ, ಆದ್ದರಿಂದ ನಕಲಿನ ಸಂಶಯವಿದೆ, ಅದೇ ಕೇಂದ್ರಕ್ಕೆ ವಿಚಾರಣೆಗೆ ಬಂದು ಸಮಜಾಯಿಷಿ ಕೊಡಬೇಕು ಎಂದು ಬರೆದಿತ್ತು. ಆ ಆರು ಪ್ರಶ್ನೆಗಳ ಸಂಖ್ಯೆಯೂ ಇತ್ತು. ಪತ್ರ ಎಲ್ಲೆಲ್ಲಿಯೋ ಸುತ್ತಾಡಿ ಕೈಗೆ ಸಿಗುವಷ್ಟರಲ್ಲಿ ವಿಚಾರಣೆ ನಾಡಿದ್ದಕ್ಕೇ ಬಂದು ನಿಂತಿತ್ತು.

ಓದಿ ಅಲ್ಲೇ ಕೂತು ಅತ್ತುಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಹೊರಗೆ ಬಂದು ಎಲ್ಲ ಕೇಳಿಸಿಕೊಂಡಳು.

“ನೀ ಮಾಡೀಯೇನು?”

“ಇಲ್ಲವ್ವಾ.”

“ಮಾಡಿಲ್ಲಂದ್ರ ಅಳೂದ್ಯಾಕ? ಹೋಗಿ ಹೇಳು.”

ಯಾರಿಗೆ ಹೇಳುವುದು? ನನ್ನ ಸಿಟ್ಟೆಲ್ಲ ಹಿಂದೆ ಕುಳಿತಿದ್ದವಳ ಮೇಲೆ ತಿರುಗಿತು. ಅವಳೇ ನನ್ನ ಭುಜದ ಮೇಲಿಂದ ಇಣುಕಿ ಬರೆದಿರಬೇಕು! ಪರೀಕ್ಷೆಯ ಬೆಲ್ ಆಗುವ ಮೊದಲು ನಾವಿಬ್ಬರೂ ನಾಲ್ಕು ಮಾತಾಡಿದ್ದೆವು. ಸವದತ್ತಿಯ ಬಸ್‌ಸ್ಟ್ಯಾಂಡಿನ ಹಿಂದೆ ತಮ್ಮದು ಹಿಟ್ಟಿನ ಗಿರಣಿ ಎಂದು ಹೇಳಿದ್ದಳು. ಮರುದಿನ ಬೆಳಿಗ್ಗೆಯೇ ಬಸ್ ಹತ್ತಿದೆ. ದಾರಿಯುದ್ದಕ್ಕೂ ಏನೇನು ಬಯ್ಯಬೇಕು ಎಂದು ಮನಸ್ಸಿನಲ್ಲೇ ತಾಲೀಮು ಮಾಡುತ್ತ ಹೋದೆ.

ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಅವಳೇ ಕೂತಿದ್ದಳು, ತಲೆಗೆ ವಸ್ತ್ರ ಕಟ್ಟಿಕೊಂಡು, ಹುಬ್ಬಿನ ಮೇಲೆಲ್ಲ ಹಿಟ್ಟು. ಹೆಸರು ಮಹಾದೇವಿ. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಜಗಳವಾಡಬೇಕಾಯಿತು.

“ಯಾಕ್ರೀ, ನನ್ನ ಪೇಪರ್ ನೋಡಿ ಬರದ್ರಿ? ನನ್ನ ಜೀವನಾನ ಹಾಳ ಮಾಡಿದ್ರಲ್ಲ!”

“ನಾ ನೋಡಿ ಬರದ್ನ್ಯಾ? ನನಗೂ ನೋಟೀಸ್ ಬಂದೈತಿ! ನೀವ ನನ್ನ ಪೇಪರ್ ನೋಡೀರಿ!”

“ನಾ ಮುಂದ ಕುಂತಿದ್ದೆ! ನನ್ನ ಬೆನ್ನಿಗೇನ ಕಣ್ಣ ಅದಾವೇನ್ರಿ?”

ಡಬ್ಬಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು, “ಏ ಯವ್ವಗೋಳ್ಯಾ, ಮದ್ಲ ನನ್ನ ಜ್ವಾಳ ಬೀಸ್ರಿ, ಆಮ್ಯಾಲ ಬೇಕಾದಷ್ಟ ಜಗಳಾಡ್ರಿ” ಎಂದಳು. ಮಹಾದೇವಿ ಜೋಳ ಸುರಿದು, ಸಿಟ್ಟಿನಲ್ಲೇ ಒಳಗೆ ಹೋಗಿ ಒಂದು ಕಟ್ಟು ಝೆರಾಕ್ಸ್ ಹಾಳೆ ತಂದು ನನ್ನ ಮುಂದೆ ಒಗೆದಳು. “ನೋಡ್ರಿ, ಇಷ್ಟ ಓದೇನಿ ನಾನು! ಗಿರಣಿ ನಡಸ್ಕೋತ, ಎರಡ ಮಕ್ಕಳನ್ನ ಸಂಭಾಳಿಸ್ಕೋತ ಓದೇನಿ. ನಿಮ್ಮನ್ನ ಯಾಕ ನೋಡ್ಲಿ?”

ಮೇಲಿನ ಹಾಳೆಯನ್ನು ಎತ್ತಿ ಹಿಡಿದು ನೋಡಿದೆ. ಗುಂಡು ಗುಂಡಾದ ಅಕ್ಷರ, ‘ಣ’ದ ಬಾಲ ಕೆಳಗಿನ ಸಾಲಿಗೆ ತಾಗುವಷ್ಟು ಉದ್ದ. ಅದು ರಾಮದುರ್ಗದ ಜೋಶಿ ಮಾಸ್ತರರ ಕೈಬರಹ! ನಾನು ರಾಮದುರ್ಗದಲ್ಲಿ ಡಿ.ಎಡ್. ಓದುವಾಗ ಈ ನಿವೃತ್ತ ಮಾಸ್ತರರು ಪ್ರತಿ ಭಾನುವಾರ ಮನೆಯ ಪಡಸಾಲೆಯಲ್ಲಿ ನಮಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ನಾನೂ ಓದಿದ್ದು ಇದೇ ನೋಟ್ಸ್. ಮಹಾದೇವಿಗೆ ಅದು ರಾಮದುರ್ಗದ ಅಕ್ಕನ ಕಡೆಯಿಂದ ಬಂದಿತ್ತಂತೆ. ಮಾಸ್ತರರನ್ನು ಅವಳು ಕಂಡೇ ಇರಲಿಲ್ಲ.

“ಅಕ್ಕಾರ, ಗಿರಣಿ ಬಂದ್ ಮಾಡ್ರಿ” ಎಂದೆ. “ಆ ಆರು ಪ್ರಶ್ನೆ ಇದರಾಗ ಹುಡಕೂಣು.”

ಅವಳ ಪ್ರಶ್ನೆಪತ್ರಿಕೆಯನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಹಾಳೆ ಹರಡಿಕೊಂಡು ಕೂತೆವು. ಮೊದಲನೆಯದೇ ಸಿಕ್ಕಿತು. ಮಗುವಿನ ಬೌದ್ಧಿಕ ಬೆಳವಣಿಗೆಯ ಹಂತಗಳಲ್ಲಿ ಮೂರನೆಯದೂ ನಾಲ್ಕನೆಯದೂ ಅದಲುಬದಲಾಗಿದ್ದವು. ರಿಕೆಟ್ಸ್ ರೋಗಕ್ಕೆ ‘ಡಿ’ ಜೀವಸತ್ವದ ಬದಲು ‘ಸಿ’ ಎಂದಿತ್ತು. ಹೆಕ್ಟೇರಿಗೆ ಹತ್ತು ಸಾವಿರ ಚದರ ಮೀಟರ್ ಇರಬೇಕಾದಲ್ಲಿ ಒಂದು ಸೊನ್ನೆ ಹಾರಿಹೋಗಿ ಒಂದು ಸಾವಿರವಾಗಿತ್ತು. ಆರಕ್ಕೆ ಆರೂ ಅಲ್ಲಿದ್ದವು! ನಾವು ಒಬ್ಬರನ್ನೊಬ್ಬರು ನೋಡಿ ಬರೆದಿರಲಿಲ್ಲ, ಒಂದೇ ತಪ್ಪನ್ನು ನಿಷ್ಠೆಯಿಂದ ಬಾಯಿಪಾಠ ಮಾಡಿದ್ದೆವು. ಅರ್ಧ ತಾಸಿನ ಹಿಂದೆ ಬಡಿದಾಡುವಂತಿದ್ದ ಇಬ್ಬರೂ ಕೈ ಕೈ ಹಿಡಿದು ನಗತೊಡಗಿದೆವು.

ಮಧ್ಯಾಹ್ನದ ಹೊತ್ತಿಗೆ ರಾಮದುರ್ಗದಲ್ಲಿದ್ದೆವು. ಆದರೆ ಮಾಸ್ತರರ ಮನೆಯ ಮೆಟ್ಟಿಲೇರುವಾಗ ನಗು ಇಳಿದುಹೋಯಿತು. ಅವರ ನೋಟ್ಸ್ ಓದಿ ಎಷ್ಟೋ ಜನ ನೌಕರಿ ಹಿಡಿದಿದ್ದಾರೆ. ಅಂಥವರ ಮುಂದೆ ನಿಂತು, ನೀವು ತಪ್ಪು ಬರೆದಿದ್ದೀರಿ ಎಂದು ಹೇಗೆ ಹೇಳುವುದು? ತಡವರಿಸುತ್ತಲೇ ಹೇಳಿದೆ. ಅವರು ಕಪಾಟಿನಿಂದ ನೋಟ್ಸ್ ಬರೆದಿದ್ದ ಮೂಲ ವಹಿ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಪುಟ ನೋಡಿದರು.

“ಕಣ್ಣಿನ ಆಪರೇಶನ್ ಆಗೂಕಿಂತ ಮೊದಲ ಬರದದ್ದು ಇದು. ಆಮೇಲೆ ತಿರುಗಿ ನೋಡಲೇ ಇಲ್ಲ ನಾನು” ಎಂದರು. ಒಳಗಿನಿಂದ ಅವರ ಹೆಂಡತಿ, “ಈ ವಯಸ್ಸಿನಾಗ ಅವರನ್ನ ವಿಚಾರಣಾ ಗಿಚಾರಣಾ ಅಂತ ಎಳದಾಡಬ್ಯಾಡ್ರೀ ತಂಗಿ” ಎಂದರು. ಮಾಸ್ತರರು ಕೈಯೆತ್ತಿ ಅವರನ್ನು ತಡೆದರು. “ತಪ್ಪು ನಂದದ. ಈ ಹುಡಿಗ್ಯಾರು ಯಾಕ ತಲಿ ತಗ್ಗಿಸಬೇಕು? ನಾಳೆ ನಾನೇ ಬರ್ತೇನಿ.”

ವಿಚಾರಣೆಯ ದಿನ ನಾನು ಬೈಲಹೊಂಗಲಕ್ಕೆ ಹೋಗುವಷ್ಟರಲ್ಲಿ ಮಾಸ್ತರರು ಆಗಲೇ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಅವಚಿದ ವಹಿ. ಮಹಾದೇವಿಯೂ ಬಂದ ಮೇಲೆ ಮೂವರೂ ಪರೀಕ್ಷಾ ಕೇಂದ್ರಕ್ಕೆ ಹೋದೆವು. ವಿಚಾರಣೆ ಮಾಡುವವರು ಹೊರಗಿನಿಂದ ಬಂದಿದ್ದ ಒಬ್ಬ ಮೇಡಂ. ವಹಿ ತಿರುವಿ ಹಾಕಿ, ನಮ್ಮ ಮೂವರನ್ನೂ ನೋಡಿ, “ನೀವು ಹೇಳೋದು ಖರೇನೂ ಇರಬಹುದು. ಆದ್ರ ಈ ವಹಿ ನೋಟೀಸ್ ಬಂದಮ್ಯಾಲ ಕುಂತು ಬರದದ್ದಲ್ಲ ಅನ್ನೋದಕ್ಕ ಏನು ಆಧಾರ?” ಎಂದರು.

ಮಾಸ್ತರರ ಮುಖ ಕೆಂಪಾಯಿತು. ಇಡೀ ಜನ್ಮದಲ್ಲಿ ಯಾರೂ ಅವರನ್ನು ಸುಳ್ಳುಗಾರ ಎಂದಿರಲಿಕ್ಕಿಲ್ಲ. ಎಲ್ಲ ಮುಗಿಯಿತು ಅನ್ನಿಸಿದ ಆ ಗಳಿಗೆಯಲ್ಲೇ ತಟ್ಟನೆ ಹೊಳೆಯಿತು. ಇದೇ ನೋಟ್ಸ್ ಓದಿದವರು ಬೇರೆ ಊರಿನ ಕೇಂದ್ರದಲ್ಲಿ ಬರೆದು, ಅವರೂ ಇದೇ ತಪ್ಪು ಮಾಡಿದ್ದರೆ?

“ಮೇಡಂ, ಎರಡ ತಾಸು ಟೈಮ್ ಕೊಡ್ರಿ!” ಎಂದು ಬಹುಶಃ ಚೀರಿಯೇ ಬಿಟ್ಟೆ. ಅವರು ಗಡಿಯಾರ ನೋಡಿ, “ಊಟದ ಮ್ಯಾಲ ಮತ್ತ ಕೂಡ್ತೇನಿ” ಎಂದರು.

ನನ್ನ ಡಿ.ಎಡ್. ಗೆಳತಿ ಸುನಂದಾ ಕಿತ್ತೂರಿನವಳು. ನನ್ನ ಜೊತೆಗೇ ಮಾಸ್ತರರ ಪಡಸಾಲೆಯಲ್ಲಿ ಓದಿದವಳು. ಆದರೆ ಇದೇ ಪರೀಕ್ಷೆಯನ್ನು ಬರೆದದ್ದು ಧಾರವಾಡದಲ್ಲಿ, ಪಾಸೂ ಆಗಿದ್ದಳು. ಫೋನ್ ಹಚ್ಚಿದೆ.

“ನಿನ್ನ ಉತ್ತರ ಪತ್ರಿಕಿ ಕಾರ್ಬನ್ ಕಾಪಿ ಐತೇನಲೇ?”

“ಐತಿ. ಯಾಕ, ತಪ್ಪೇನರ ಆಗ್ಯಾವೇನು?”

“ಆಗಿರ್ಲಿ ಅಂತ ಬೇಡ್ಕೊಳ್ಳಾಕತ್ತೇನಿ! ತಗೊಂಡು ಜಲ್ದಿ ಬಾ!”

ಸುನಂದಾ ತಾನು ಕಲಿಸುತ್ತಿದ್ದ ಖಾಸಗಿ ಶಾಲೆಯಲ್ಲಿ ರಜೆ ಕೇಳಿ, ಮನೆಗೆ ಹೋಗಿ ಕಾಪಿ ಹುಡುಕಿ, ಸ್ಕೂಟಿ ಹತ್ತಿ ಬರುವವರೆಗೆ ನಾನು ಗೇಟಿನಲ್ಲೇ ನಿಂತಿದ್ದೆ. ದೂರದಲ್ಲಿ ಯಾವ ಸ್ಕೂಟಿ ಕಂಡರೂ ಎರಡು ಹೆಜ್ಜೆ ಮುಂದೆ ಹೋಗಿ ನೋಡುತ್ತಿದ್ದೆ. ಕಡೆಗೂ ಕೂದಲು ಕೆದರಿಕೊಂಡು, ಮುಖವೆಲ್ಲ ಧೂಳಾಗಿ ಬಂದಿಳಿದಳು.

ಅವಳ ಸರಣಿ ಬೇರೆ, ಪ್ರಶ್ನೆಗಳ ಸಂಖ್ಯೆಯೂ ಬೇರೆ. ಮೇಡಂ ಒಂದೊಂದು ಪ್ರಶ್ನೆಯನ್ನೂ ಹುಡುಕಿ, ಬೆರಳಿಟ್ಟು, ಓದುತ್ತಿದ್ದರು. “ಬೆಳವಣಿಗೆಯ ಹಂತ... ತಪ್ಪು.” ಮಹಾದೇವಿ ನನ್ನ ಕೈ ಹಿಚುಕಿದಳು. “ರಿಕೆಟ್ಸ್... ಇದೂ ತಪ್ಪು.” “ಮೂರನೇದ್ದು... ತಪ್ಪು.” ಪ್ರತಿ ತಪ್ಪಿಗೂ ನಮಗೆ ಕುಣಿಯುವಷ್ಟು ಖುಷಿ! ನಾಲ್ಕನೆಯದೂ ತಪ್ಪು. “ಹೆಕ್ಟೇರು...” ಮೇಡಂ ನಿಂತರು. “ಇದು ಬರೋಬ್ಬರಿ ಐತಲ್ಲ.”

ನಮ್ಮಿಬ್ಬರ ಮುಖ ಬಾಡಿತು. ಸುನಂದಾ ತಪ್ಪಿತಸ್ಥಳಂತೆ, “ನಮ್ಮಪ್ಪ ಸರ್ವೇ ಕೆಲಸದಾಗ ಇದ್ದಾರ್ರೀ ಮೇಡಂ. ಹೆಕ್ಟೇರ್ ಲೆಕ್ಕ ನನಗ ಸಣ್ಣಾಕಿದ್ದಾಗಿಂದ ಗೊತ್ತು” ಎಂದಳು. ಮೇಡಂ ಆರನೆಯದನ್ನು ಹುಡುಕಿದರು. ಅದು ತಪ್ಪಿತ್ತು. ಹಾಳೆ ಕೆಳಗಿಟ್ಟು ಅವರು ಮೊದಲ ಸಲ ನಕ್ಕರು. “ಇಲ್ಲಿಂದ ಧಾರವಾಡದ ತನಕ ಕುತ್ತಿಗಿ ಚಾಚಿ ಯಾರೂ ನಕಲು ಮಾಡಾಕ ಆಗೂದಿಲ್ಲ. ಹೋಗ್ರಿ, ನಕಲು ಆಗಿಲ್ಲ ಅಂತ ನಾನು ಬರೀತೇನಿ.” ಆಮೇಲೆ ಎದ್ದು ನಿಂತು ಮಾಸ್ತರರಿಗೆ, “ನಾನು ಆಡಿದ ಮಾತಿಗೆ ಬ್ಯಾಸರ ಮಾಡ್ಕೋಬ್ಯಾಡ್ರಿ ಸರ್” ಎಂದರು. ಮಾಸ್ತರರು ಅವರ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನೇ ಕೇಳಿ ಇಸಿದುಕೊಂಡು, ಅಲ್ಲೇ ನಿಂತು ವಹಿಯಲ್ಲಿ ಆರೂ ತಪ್ಪು ತಿದ್ದಿದರು.

ಹದಿನೈದು ದಿನಗಳಲ್ಲಿ ನಮ್ಮಿಬ್ಬರ ಫಲಿತಾಂಶವೂ ಬಂತು. ಇಬ್ಬರೂ ಪಾಸು. ಈಗ ಮಹಾದೇವಿ ಸವದತ್ತಿ ಕಡೆಯ ಒಂದು ಶಾಲೆಯಲ್ಲಿದ್ದಾಳೆ, ನಾನು ಬೈಲಹೊಂಗಲದ ಹತ್ತಿರ. ಆ ದಿನ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಕೇಳದೆ, ನೋಡದೆ ನನ್ನನ್ನು ಕಳ್ಳಿ ಎಂದರಲ್ಲ ಎಂದು ಅತ್ತವಳು ನಾನು. ಮರುದಿನವೇ ಬಸ್ ಹತ್ತಿ ಹೋಗಿ ಇನ್ನೊಬ್ಬಳನ್ನು ಕಳ್ಳಿ ಎಂದವಳೂ ನಾನೇ.

ಹೋದ ವರ್ಷ ನನ್ನ ತರಗತಿಯ ಇಬ್ಬರು ಹುಡುಗಿಯರು ಟೆಸ್ಟಿನಲ್ಲಿ ಒಂದೇ ಲೆಕ್ಕವನ್ನು ಒಂದೇ ರೀತಿ ತಪ್ಪು ಮಾಡಿದ್ದರು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು, “ಹಿಂಗ ಮಾಡಂತ ನಿಮಗ ಯಾರ ಕಲಿಸಿದ್ರು?” ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೆಲ್ಲಗೆ ಹೇಳಿದಳು: “ನೀವ ರೀ ಟೀಚರ್.”

ಇಬ್ಬರ ವಹಿಯನ್ನೂ ತೆಗೆಸಿ ನೋಡಿದೆ. ಖರೆಯೇ ಇತ್ತು.