ಗೋಂದಕ್ಕನ ಇಪ್ಪತ್ಮೂರು ತೆಂಗಿನ ಮರಗಳು

ಗೋಂದಕ್ಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭ. ಅವಳು ನನಗೆ ಏನೂ ಕೆಡುಕು ಮಾಡಿರಲಿಲ್ಲ, ಒಂದು ದಿನವೂ ಎದುರು ಮಾತಾಡಿದವಳಲ್ಲ. ಆಡಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ನನ್ನದು ಶುದ್ಧ ಹೊಟ್ಟೆಕಿಚ್ಚು. ಅರವತ್ತಕ್ಕೆ ಎರಡು ವರ್ಷ ಬಾಕಿಯಿದ್ದ ಹೆಂಗಸಿಗೆ, ಮಕ್ಕಳ ಮೂಗು ಒರೆಸುವ ಆಯಾಳ ಮೇಲೆ.

ನಮ್ಮದು ಪುಟ್ಟ ಮಕ್ಕಳ ಶಾಲೆ. ಮೂರು ಕೋಣೆ, ಒಂದು ಉದ್ದನೆಯ ಪಡಸಾಲೆ, ಮೊಣಕಾಲೆತ್ತರದ ಕೈತೊಳೆಯುವ ಬೇಸಿನ್‌ಗಳು. ನಾಲ್ಕು ವರ್ಷದ ಮಕ್ಕಳ ಕೋಣೆ ನನ್ನದು, ಹತ್ತೊಂಬತ್ತು ವರ್ಷಗಳಿಂದ. ಗೋಂದಕ್ಕ ಆ ಕೋಣೆಗೆ ಆಯಾ ಆಗಿ ಬಂದಳು. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಶಾಲೆಯ ಹಿಂದಿನ ಬೀದಿಯ ಬೈಂಡಿಂಗ್ ಅಂಗಡಿಯಲ್ಲಿದ್ದವಳು. ಅಲ್ಲಿ ಅಚ್ಚಾದ ದೊಡ್ಡ ಹಾಳೆಗಳನ್ನು ಮಡಚುವುದು, ಪುಸ್ತಕದ ಬೆನ್ನಿಗೆ ಅಂಟು ಬಳಿಯುವುದು ಅವಳ ಕೆಲಸ. ಮಡಚುವ ಯಂತ್ರ ಬಂತು, ಎಂಟು ಹೆಂಗಸರು ಮನೆಗೆ ಹೋದರು. ಅಂಗಡಿ ಬಿಟ್ಟರೂ ಅಂಟು ಅವಳನ್ನು ಬಿಡಲಿಲ್ಲ. ಮಕ್ಕಳ ಹರಿದ ಪುಸ್ತಕಗಳನ್ನೆಲ್ಲ ಮನೆಗೆ ಒಯ್ದು ಅಂಟಿಸಿ ತರುತ್ತಿದ್ದಳು, ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟಿನ ಬಿಳಿ. ಮಕ್ಕಳೇ ಅವಳಿಗೆ ಗೋಂದಕ್ಕ ಎಂದು ಹೆಸರಿಟ್ಟರು. ಅವಳಿಗೆ ಮದುವೆಯಾಗಿರಲಿಲ್ಲ. ತಂಗಿಯ ಮನೆಯಲ್ಲಿ ಇದ್ದು ತಂಗಿಯ ಮೂವರು ಹೆಣ್ಣುಮಕ್ಕಳನ್ನು ಎತ್ತಿ ಆಡಿಸಿ ದೊಡ್ಡವರನ್ನು ಮಾಡಿದ್ದಳು. ಮೂವರೂ ಮದುವೆಯಾಗಿ ಹೋದ ಮೇಲೆ ಅವಳ ಮಡಿಲು ಖಾಲಿಯಾಗಿತ್ತು ಎಂದು ಕಾಣುತ್ತದೆ. ಆ ಖಾಲಿ ಮಡಿಲೇ ನನಗೆ ಮುಳುವಾಯಿತು.

ಅದೇ ವರ್ಷ ನನ್ನ ಮಗಳ ಮಗಳು ನನ್ನ ತರಗತಿಗೆ ಸೇರಿದಳು. ಮನೆಯಲ್ಲಿ ಅವಳನ್ನು ಚೂಟಿ ಅನ್ನುತ್ತೇವೆ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಚೂಟಿ ಬೆಳಗ್ಗೆಯಿಂದ ಸಂಜೆಯವರೆಗೂ ನನ್ನ ಜೊತೆಗೇ. ಟೀಚರ್ ತನ್ನ ಮೊಮ್ಮಗಳನ್ನು ಮುದ್ದು ಮಾಡುತ್ತಾಳೆ ಎಂದು ನಾಳೆ ಯಾರೂ ಬೆರಳು ತೋರಿಸಬಾರದು ಎಂದು ನಾನೊಂದು ನಿಯಮ ಮಾಡಿದೆ. ಶಾಲೆಯ ಗೇಟು ದಾಟಿದ ಮೇಲೆ ನಾನು ಅಜ್ಜಿ ಅಲ್ಲ, ಟೀಚರ್. ಮೊದಲ ದಿನ ಅವಳು ಅಜ್ಜೀ ಎಂದು ಓಡಿ ಬಂದಳು. ಎಲ್ಲರೆದುರು ಅವಳನ್ನು ವಾಪಸು ಕಳಿಸಿ, ಟೀಚರ್ ಅನ್ನಿಸಿ, ಆಮೇಲೆ ಮಾತಾಡಿಸಿದೆ. ಹತ್ತು ದಿನಕ್ಕೆ ಪಾಠ ಕಲಿತಳು. ನನ್ನನ್ನು ಟೀಚರ್ ಅನ್ನುವುದನ್ನೂ ಕಲಿತಳು, ನನ್ನ ಮಡಿಲಿಗೆ ಬರದಿರುವುದನ್ನೂ ಕಲಿತಳು. ಬಿದ್ದು ಮೊಣಕೈ ತರಚಿಕೊಂಡ ದಿನ ಇಡೀ ಕೋಣೆ ದಾಟಿ, ನನ್ನನ್ನೂ ದಾಟಿ, ಗೋಂದಕ್ಕನ ಮಡಿಲಿಗೆ ಹೋಗಿ ಬಿದ್ದಳು.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಅದೇ. ಆದರೆ ಉಣ್ಣುವವರಿಗೆ ಅದು ತಾವೇ ಮಾಡಿದ್ದು ಎಂದು ತಿಳಿಯುವುದಿಲ್ಲ. ನನಗೆ ಕಂಡದ್ದು ಗೋಂದಕ್ಕನ ತಪ್ಪು ಮಾತ್ರ. ಬೆಳಗ್ಗೆ ಗೇಟಿನವರೆಗೆ ನನ್ನ ಬೆರಳು ಹಿಡಿದು ಬಂದ ಚೂಟಿ ಗೇಟಿನಲ್ಲಿ ಬೆರಳು ಬಿಟ್ಟು ಅವಳ ಕಡೆ ಓಡುತ್ತಿದ್ದಳು. ಮನೆಯಲ್ಲಿ ಊಟಕ್ಕೆ ಕೂತರೂ ಗೋಂದಕ್ಕ, ತಲೆ ಬಾಚುವಾಗಲೂ ಗೋಂದಕ್ಕ. ನಾನು ಬಾಚಿದರೆ ನೋಯುತ್ತದಂತೆ, ಗೋಂದಕ್ಕ ಬಾಚಿದರೆ ನೋಯುವುದಿಲ್ಲವಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ಮಗಳು ನಕ್ಕಳು. ನಾನೂ ನಕ್ಕೆ, ಹಲ್ಲಿನಿಂದ ಒಳಗೆ ಇಳಿಯದ ನಗು. ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಆ ಮಗು ಯಾರ ಕಡೆಗಾದರೂ ಓಡುವುದಾದರೆ ನನ್ನ ಕಡೆಗೆ ಓಡಲಿ ಎಂದು, ಅಷ್ಟೇ.

ಒಂದು ಸಲ ನೆಪ ಹೂಡಿ ಗೋಂದಕ್ಕನನ್ನು ಎರಡು ವರ್ಷದ ಮಕ್ಕಳ ಕೋಣೆಗೆ ಹಾಕಿಸಿದೆ. ನನ್ನ ಕೋಣೆಯ ಮಕ್ಕಳು ಕೈತೊಳೆಯಲು ಒಪ್ಪದೆ ಬೇಸಿನ್ ಮುಂದೆ ಮುಷ್ಕರ ಹೂಡಿದರು. ನಾಲ್ಕನೇ ದಿನಕ್ಕೆ ಶಾಲೆಯ ಮುಖ್ಯಸ್ಥೆಯೇ ಅವಳನ್ನು ವಾಪಸು ಕರೆತಂದರು. ಚಹಾದ ಹೊತ್ತಿಗೆ ಅವಳು ನನ್ನ ಪಕ್ಕ ಕೂತು, ಏನೂ ಆಗದವಳ ಹಾಗೆ, ಬೈಂಡಿಂಗ್ ಅಂಗಡಿಯ ಸುದ್ದಿ ತೆಗೆದಳು. ಎಂಟು ಹೆಂಗಸರು ಒಂದೇ ಮೇಜಿಗೆ ಕೂತು ಮಡಚುತ್ತಿದ್ದರಂತೆ. ಯಾವ ಕಟ್ಟು ಯಾರದು ಎಂದು ಬರೆಯುವ ಪದ್ಧತಿಯಿರಲಿಲ್ಲ. ಒಂದು ಹಾಳೆ ಸೊಟ್ಟಗೆ ಬಂದರೆ ಮಾಲೀಕ ಕಟ್ಟನ್ನು ಮೇಜಿನ ಮೇಲೆ ಎಸೆದು ಯಾರದಿದು ಎನ್ನುತ್ತಿದ್ದ, ಇವಳು ಮಡಿಕೆ ನೋಡಿ ಹೇಳುತ್ತಿದ್ದಳು. ಒಬ್ಬಳು ಎಡಕ್ಕೆ ಜಗ್ಗುತ್ತಾಳೆ, ಒಬ್ಬಳು ತುದಿ ಬರುವಷ್ಟರಲ್ಲಿ ಕೈ ಸಡಿಲ ಬಿಡುತ್ತಾಳೆ, ಹಾಗೆ. ನಾನು ಹೂಂ ಹೂಂ ಎನ್ನುತ್ತ ಮನೆಗಳಿಗೆ ಕಳಿಸುವ ಚೀಟಿಗಳನ್ನು ಮಡಚುತ್ತಿದ್ದೆ. ಪ್ರತಿ ವಾರ ಅರವತ್ತು ಚೀಟಿ. ಶಾಲೆಯಲ್ಲಿ ಮುಗಿಯದಿದ್ದರೆ ಮನೆಗೆ ಒಯ್ಯುತ್ತಿದ್ದೆ. ಊಟದ ಮೇಜಿನಲ್ಲಿ ನಾನು ಮಡಚುತ್ತಿದ್ದರೆ ಚೂಟಿ ಎದುರಿಗೆ ಕೂತು ಹಳೇ ಕಾಗದದ ಚೂರು ಹಿಡಿದು ಏನೋ ಮಾಡುತ್ತಿರುತ್ತಿದ್ದಳು. ನನ್ನ ಚೀಟಿ ಮುಟ್ಟಬೇಡ ಎಂದು ಗದರುವುದು ಬಿಟ್ಟರೆ ಅವಳ ಕಡೆ ನಾನು ನೋಡಿದ್ದು ಕಡಿಮೆ.

ಪ್ರತಿ ಟರ್ಮಿನ ಕೊನೆಗೆ ಅಪ್ಪ ಅಮ್ಮಂದಿರಿಗಾಗಿ ಒಂದು ಪ್ರದರ್ಶನ ಇರುತ್ತದೆ. ಆ ಸಲ ಕಾಗದದ ತಟ್ಟೆಯಲ್ಲಿ ತೆಂಗಿನ ಮರ. ಮಗುವಿಗೆ ಎರಡು ತಟ್ಟೆ. ಮೊದಲನೆಯದಕ್ಕೆ ಹಸಿರು ಬಳಿದು ಐದು ಗರಿ ಕತ್ತರಿಸಬೇಕು, ಪ್ರತಿ ಗರಿಯನ್ನೂ ಉದ್ದಕ್ಕೆ ಮಡಚಿ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಬೇಕು. ಎರಡನೆಯ ತಟ್ಟೆಯ ಅಂಚನ್ನು ಬಳೆಯ ಹಾಗೆ ಕತ್ತರಿಸಿ ತೆಗೆದು ಅದರ ಅರ್ಧಕ್ಕೆ ಕಂದು ಬಳಿದರೆ ಬಾಗಿದ ಕಾಂಡ ಸಿದ್ಧ, ಉಳಿದರ್ಧ ಕಸಕ್ಕೆ. ನಡುವಿನ ಬಿಲ್ಲೆಗೆ ನೀಲಿ ಬಳಿದರೆ ಆಕಾಶ, ಅದರ ಮೇಲೆ ಮರವನ್ನು ಅಂಟಿಸುವುದು. ಕಾಗದದ ಕೆಲಸ ಗೋಂದಕ್ಕನಿಗೆ ಗೊತ್ತು, ಈ ಸಲ ಅವಳೇ ಮಾಡಿಸಲಿ, ನೀವು ಮೇಲ್ವಿಚಾರಣೆ ನೋಡಿಕೊಳ್ಳಿ ಎಂದು ಮುಖ್ಯಸ್ಥೆ ಹೇಳಿದರು. ಹತ್ತೊಂಬತ್ತು ವರ್ಷ ನಾನು ಮಾಡಿಸಿದ್ದು ಕಾಗದದ ಕೆಲಸವಲ್ಲದೆ ಕಬ್ಬಿಣದ ಕೆಲಸವೇ ಎಂದು ಕೇಳಬೇಕೆನಿಸಿತು.

ಸೋಮವಾರ ಬೆಳಗ್ಗೆ ಮಕ್ಕಳು ಬರುವ ಮೊದಲೇ ಅವಳು ತಟ್ಟೆಗಳನ್ನು ಬೋರಲು ಹಾಕಿಕೊಂಡು ಹೆಸರು ಬರೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೈಂಡಿಂಗಿನವರು ಪುಟಗಳ ಕ್ರಮದ ಗುರುತು ಹಾಕುವುದು ಅಂಚಿಗೆ. ಪುಸ್ತಕ ಹೊಲಿದಾದ ಮೇಲೆ ಅಂಚು ಕತ್ತರಿಸುತ್ತಾರೆ, ಅದರ ಜೊತೆ ಗುರುತೂ ಹೋಗಿ ಪುಸ್ತಕ ಸ್ವಚ್ಛವಾಗುತ್ತದೆ. ಇಪ್ಪತ್ತೆರಡು ವರ್ಷದ ಆ ಕೈ ಅದೇ ಅಭ್ಯಾಸದಲ್ಲಿ ಇಪ್ಪತ್ಮೂರು ಹೆಸರುಗಳನ್ನೂ ತಟ್ಟೆಯ ಅಂಚಿಗೇ ಬರೆಯುತ್ತಿತ್ತು. ಅಂಚೇ ಕಾಂಡವಾಗುವುದು, ಅರ್ಧ ಹೆಸರು ಅಂಟಿನಡಿ ಹೋಗುತ್ತದೆ, ಅರ್ಧ ಕಸದ ಬುಟ್ಟಿಗೆ. ನಡುವಿನ ಬಿಲ್ಲೆಯ ಬೆನ್ನಿಗೆ ಬರಿ ಎಂದು ಹೇಳಲು ನನಗೆ ಒಂದು ಉಸಿರು ಸಾಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಚೂಟಿ ನನ್ನ ಕೈಯಿಂದ ಬೆರಳು ಬಿಡಿಸಿಕೊಂಡು ಅವಳ ಬೆನ್ನಿಗೆ ಜೋತುಬಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಗೋಂದಕ್ಕ ತಲೆಯೆತ್ತಿ ನನ್ನನ್ನು ನೋಡಿ ನಕ್ಕು ಮತ್ತೆ ಬರೆಯತೊಡಗಿದಳು.

ಸೋಮವಾರ ಬಣ್ಣ, ಮಂಗಳವಾರ ಕತ್ತರಿ, ಬುಧವಾರ ಅಂಟು. ಮೂರು ದಿನವೂ ನಾನು ಮುನಿಸಿನಿಂದ ಕಿಟಕಿಯ ಬಳಿ ಹಾಜರಿ ಪುಸ್ತಕ ತಿರುವುತ್ತ ಕೂತೆ. ಗೋಂದಕ್ಕ ಒಂದೊಂದು ಮಗುವಿನ ಹಿಂದೆ ಮಂಡಿಯೂರಿ ಕೂತು ನೋಡುತ್ತಿದ್ದಳು, ಕೈಹಿಡಿದು ಮಾಡಿಸುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಇದೂ ಒಂದು ಕೆಲಸವೇ ಎಂದು ಮೂಗು ಮುರಿದೆ. ಬುಧವಾರ ಸಂಜೆ ಮರಗಳನ್ನು ಒಣಗಲು ಹರಡಿ, ಬಿಲ್ಲೆಗಳು ಸೊಟ್ಟಗಾಗದಂತೆ ಗರಿಗಳನ್ನು ತಪ್ಪಿಸಿ ಅಂಚಿಗೆ ಪುಸ್ತಕಗಳ ಭಾರ ಹೇರಿಟ್ಟಳು.

ಶನಿವಾರ ಬೆಳಗ್ಗೆ ಪಡಸಾಲೆಯ ತುಂಬ ಅಪ್ಪ ಅಮ್ಮಂದಿರು. ಭಾರ ತೆಗೆದು ಒಂದೊಂದೇ ಮರದ ಬೆನ್ನು ನೋಡಿದ ಗೋಂದಕ್ಕನ ಮುಖ ಸುಣ್ಣವಾಯಿತು. ಒಂದಕ್ಕೂ ಹೆಸರಿಲ್ಲ. ಕಾಂಡ ಕಿತ್ತು ನೋಡೋಣವೆಂದರೆ ಅವಳ ಅಂಟು ಅಂಥಿಂಥ ಅಂಟಲ್ಲ, ಮರವೇ ಹರಿಯುತ್ತದೆ. ಮಕ್ಕಳನ್ನೇ ಕೇಳಿದರೆ ಹನ್ನೊಂದು ಜನ ಒಂದೇ ಮರಕ್ಕೆ ಕೈಹಾಕಿ ನಂದು ನಂದು ಎಂದರು. ಇಷ್ಟು ದಿನ ಯಾರೂ ಗಮನಿಸಲಿಲ್ಲವೇ ಎಂದು ಮುಖ್ಯಸ್ಥೆ ಎಲ್ಲರನ್ನೂ ಸೇರಿಸಿ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನನ್ನೇ ಕೇಳದಿದ್ದರೂ ನಾನೇ ಬಾಯಿ ಹಾಕಿದೆ. ನನಗೆ ಮಕ್ಕಳ ಕೈ ಗೊತ್ತು, ಹತ್ತೊಂಬತ್ತು ವರ್ಷದ ಅನುಭವ, ನಾನು ಹಂಚುತ್ತೇನೆ ಎಂದೆ. ಮೊದಲ ಮರ ಕೊಟ್ಟ ಮಗು ನಂದಲ್ಲ ಎಂದು ಅಳತೊಡಗಿತು. ಎರಡನೆಯದು ಅಳಲೂ ಇಲ್ಲ, ಮರವನ್ನು ನನ್ನ ಕೈಗೇ ವಾಪಸು ಕೊಟ್ಟಿತು. ಇಂಗು ತಿಂದ ಮಂಗನ ಹಾಗೆ ನಿಂತೆ.

ಗೋಂದಕ್ಕ ನನ್ನ ಹತ್ತಿರ ಬಂದು ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದಳು. "ತಪ್ಪು ನಂದೇ ಟೀಚರ್. ಬರೀವಾಗ ಒಂದು ಸಲ ಅನುಮಾನ ಬಂತು. ನೀವು ಬಾಗಿಲಲ್ಲಿ ನಿಂತು ನೋಡ್ತಿದ್ರಿ, ಏನೂ ಅನ್ನಲಿಲ್ಲ. ಹಾಗಾದ್ರೆ ಸರಿಯಾಗೇ ಇರುತ್ತೆ ಅಂದ್ಕೊಂಡೆ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವರ ತಟ್ಟೆಯ ನೊಣ ಹುಡುಕುವವರ ಬಗ್ಗೆ ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಅವತ್ತು ನನ್ನ ತಟ್ಟೆಯ ಹೆಗ್ಗಣ ನನಗೆ ಮಾತ್ರ ಕಾಣುತ್ತಿತ್ತು.

ಅವಳು ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಕೂತಳು. ಒಂದು ಮರವನ್ನು ಎತ್ತಿ ಬೆಳಕಿಗೆ ಹಿಡಿದಳು. ಕತ್ತರಿ ಎಡಗಡೆಯಿಂದ ಬಂದಿದೆ, ಎಡಗೈಯವನು ನಮ್ಮಲ್ಲಿ ಒಬ್ಬನೇ. ಇದರ ಕಾಂಡದ ತುದಿಯಲ್ಲಿ ಹಲ್ಲಿನ ಗುರುತಿದೆ, ಪೆನ್ಸಿಲ್ ಕಚ್ಚುವವಳದು. ಇದಕ್ಕೆ ಅಂಟು ಜಾಸ್ತಿ, ಇದಕ್ಕೆ ಕಮ್ಮಿ, ಈ ಗರಿಯ ಕಚ್ಚುಗಳು ನಾಲ್ಕಾದ ಮೇಲೆ ಬೇಜಾರಾಗಿ ನಿಂತಿವೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಒಂದೊಂದೇ ಮರ ಒಂದೊಂದೇ ಕೈ ಸೇರಿತು. ಸಿಕ್ಕ ಮಕ್ಕಳೆಲ್ಲ ತಮ್ಮ ಮರದಲ್ಲಿ ತಮ್ಮದೇ ಹೆಬ್ಬೆಟ್ಟು ಹುಡುಕಿ ಅಪ್ಪ ಅಮ್ಮಂದಿರಿಗೆ ತೋರಿಸುತ್ತಿದ್ದವು. ನನ್ನ ಹೊಟ್ಟೆಯೊಳಗಿನ ಕಿಚ್ಚಿಗೆ ಯಾರೋ ಗಾಳಿ ಹಾಕುತ್ತಿದ್ದರು. ನಾಚಿಕೆಯೂ ಆಗುತ್ತಿತ್ತು, ಆದರೆ ನಾಚಿಕೆಗಿಂತ ಕಿಚ್ಚೇ ಹೆಚ್ಚಾಗಿತ್ತು.

ಕೊನೆಗೆ ನಾಲ್ಕು ಮರ ಉಳಿದವು, ನಾಲ್ಕು ಮಕ್ಕಳು, ಅದರಲ್ಲಿ ಚೂಟಿ ಒಬ್ಬಳು. ಇದೊಂದನ್ನಾದರೂ ಗೋಂದಕ್ಕನಿಗೆ ಬಿಡಬಾರದು ಎನಿಸಿತು. ನನ್ನ ಮೊಮ್ಮಗಳ ಮರ ನನಗೆ ತಿಳಿಯದೇ? ನಾಲ್ಕರಲ್ಲಿ ಎಲ್ಲಕ್ಕಿಂತ ಚೆಂದವಾಗಿದ್ದದ್ದನ್ನು, ಹನ್ನೊಂದು ಮಕ್ಕಳು ಕೈಹಾಕಿದ್ದ ಅದೇ ಮರವನ್ನು, ಎತ್ತಿ ಚೂಟಿಯ ಕೈಗಿತ್ತೆ.

ಚೂಟಿ ಅದನ್ನು ತಿರುಗಿಸಿ ನೋಡಿದಳು. "ಇದು ನಂದಲ್ಲ ಟೀಚರ್."

ಗೋಂದಕ್ಕ ಅದನ್ನು ಅವಳ ಕೈಯಿಂದ ತೆಗೆದು ಪಕ್ಕದ ಮಗುವಿಗೆ ಕೊಟ್ಟಳು. ಉಳಿದ ಮೂರರಲ್ಲಿ ಗರಿಯೊಂದು ಸ್ವಲ್ಪ ಹರಿದಿದ್ದ, ಬಣ್ಣ ಅಂಚು ದಾಟಿದ್ದ ಒಂದು ಮರವನ್ನು ಎತ್ತಿ ಚೂಟಿಗೆ ಕೊಡದೆ ನನ್ನ ಕೈಗೆ ಕೊಟ್ಟಳು.

"ಮಡಿಕೆ ನೋಡಿ ಟೀಚರ್. ಉಗುರು ಎರಡು ಸಲ ಓಡಿದೆ, ಹೋಗ್ತಾ ಒಂದು ಗೀರು, ಬರ್ತಾ ಒಂದು. ಇಡೀ ಕ್ಲಾಸಲ್ಲಿ ಯಾರೂ ಹಾಗೆ ಮಡಚಲ್ಲ. ಬೈಂಡಿಂಗಲ್ಲೂ ನಾನು ಕಂಡಿರಲಿಲ್ಲ. ನೀವು ಮಡಚೋ ಚೀಟೀಲಿ ಮಾತ್ರ ನೋಡಿದೀನಿ. ಮಗು ಕೈ ಎಲ್ಲಾ ನಿಮ್ಮದೇ."

ಗರಿಯ ಮೇಲೆ ಬೆರಳಾಡಿಸಿದೆ. ಎರಡು ಗೀರು ಬೆರಳಿಗೆ ಸಿಕ್ಕವು. ಊಟದ ಮೇಜಿನ ಆಚೆ ಬದಿಯಲ್ಲಿ ಕಾಗದದ ಚೂರು ಹಿಡಿದು ಕೂತವಳು ಇಷ್ಟು ದಿನ ಏನು ಮಾಡುತ್ತಿದ್ದಳು ಎಂದು ಅವತ್ತು ಗೊತ್ತಾಯಿತು. ಹಿಗ್ಗಬೇಕಿತ್ತು, ಹಿಗ್ಗಿದೆ ಕೂಡ. ಆದರೆ ಸುಳ್ಳು ಹೇಳುವುದಿಲ್ಲ, ಹಿಗ್ಗಿನ ಬೆನ್ನಿಗೇ ಹೊಟ್ಟೆ ಮತ್ತೊಮ್ಮೆ ಉರಿಯಿತು. ನನ್ನ ಮೊಮ್ಮಗಳಲ್ಲಿ ನನ್ನನ್ನು ನನಗಿಂತ ಮೊದಲು ಕಂಡವಳು ಅವಳು.

ಚೂಟಿ ನನ್ನ ಮುಂದೆ ಕೈಚಾಚಿ ನಿಂತಿದ್ದಳು, ಮರಕ್ಕಾಗಿ. ಹತ್ತಿರ ಬರಲಿಲ್ಲ. ಒಂದು ಮಾರು ದೂರದಲ್ಲಿ, ನಾನು ಕಲಿಸಿದಷ್ಟೇ ದೂರದಲ್ಲಿ ನಿಂತಿದ್ದಳು. ನಾನು ಮಂಡಿಯೂರಿ ಕೂತೆ.

"ಅಜ್ಜಿ ಅನ್ನು ಕಂದಾ. ಇಲ್ಲೂ ಅನ್ನಬಹುದು," ಎಂದೆ.

ಅವಳು ತಿರುಗಿ ಗೋಂದಕ್ಕನ ಮುಖ ನೋಡಿದಳು. ಗೋಂದಕ್ಕ ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಚೂಟಿ ನನ್ನ ಹತ್ತಿರ ಬಂದಳು.